ಒಂದು ಲೀಟರ್ ಮಳೆ

ಒಬ್ಬನಿಗೆ ಮಾತ್ರ ಹೇಳಿದ್ದೆ.

ಒಬ್ಬನಿಗೇ ಹೌದಾ? ಮತ್ತೆ ಎಣಿಸಿದೆ. ಮಾದಿಗೆ ಗೊತ್ತು, ಅದು ಅವಳದೇ ಕ್ಯಾನು. ನನಗೆ ಗೊತ್ತು. ಅಗಸೂರಿನಿಂದ ಹೊರಡುವ ಮುಂಚೆ ಒಂದೇ ಒಂದು ಫೋನ್ ಮಾಡಿದ್ದೆ. ಅದೂ ಎರಡೇ ನಿಮಿಷ.

ಹಾಗಾದರೆ ಹಿಂದೆ ಬರುತ್ತಿರುವ ಟಿಪ್ಪರಿಗೆ ಹೇಳಿದವರು ಯಾರು?

ಇರಲಿಕ್ಕಿಲ್ಲ ಎಂದುಕೊಂಡೆ. ಹುಬ್ಬಳ್ಳಿ ರಸ್ತೆಯಲ್ಲಿ ಟಿಪ್ಪರಿಗೇನು ಬರವೇ... ನಾನು ನಿಧಾನ ಮಾಡಿದೆ. ಅದೂ ನಿಧಾನ ಮಾಡಿತು. ವೇಗ ಹೆಚ್ಚಿಸಿದೆ. ಅದೂ ಹೆಚ್ಚಿಸಿತು. ಖಾಲಿ ಟಿಪ್ಪರು. ಖಾಲಿ ಟಿಪ್ಪರಿನವನು ಮೂರು ಕಿಲೋಮೀಟರ್ ಒಂದು ಹಳೇ ಆಲ್ಟೋದ ಹಿಂದೆ ಮರ್ಯಾದೆಯಿಂದ ಬಂದದ್ದನ್ನು ನೀವು ಎಲ್ಲಾದರೂ ಕಂಡಿದ್ದೀರಾ?

ಪಕ್ಕದ ಸೀಟಿನಲ್ಲಿ ಇಪ್ಪತ್ತು ಲೀಟರಿನ ಬಿಳಿ ಪ್ಲಾಸ್ಟಿಕ್ ಕ್ಯಾನು ಕೂತಿತ್ತು. ಅದಕ್ಕೆ ಸೀಟ್‌ಬೆಲ್ಟ್ ಹಾಕಿದ್ದೆ. ನಾನು ಹಾಕಿಕೊಂಡಿರಲಿಲ್ಲ.

ಒಳಗಿದ್ದದ್ದು ನೀರು. ಬರೀ ಮಳೆ ನೀರು.

ಆ ನೀರು ಮಧ್ಯಾಹ್ನ ಮೂರರೊಳಗೆ ಕಾರವಾರ ತಲುಪದಿದ್ದರೆ, ಗಂಡನನ್ನು ಕೊಂದವಳು ಎಂಬ ಹೆಸರು ಒಬ್ಬ ಹೆಂಗಸಿಗೆ ಸಾಯುವ ತನಕ ಅಂಟಿಕೊಳ್ಳುತ್ತಿತ್ತು.

ಸ್ವಲ್ಪ ಹಿಂದಕ್ಕೆ ಹೋಗಬೇಕು. ಟಿಪ್ಪರು ಎಲ್ಲಿಗೂ ಹೋಗುವುದಿಲ್ಲ, ಬರುತ್ತಿರಲಿ.

ನಾನು ದೇವಿದಾಸ. ಚಿತ್ತಾಕುಲದವನು. ಧಾರವಾಡದಲ್ಲಿ ಸಂಖ್ಯಾಶಾಸ್ತ್ರ ಓದಿದೆ. ಈಗ ಕಾರವಾರದಲ್ಲಿ ಒಂದು ಕೋಣೆ, ಒಂದು ಮೇಜು, 'ತನಿಖೆ ಮತ್ತು ಸಲಹೆ' ಎಂಬ ಒಂದು ಬೋರ್ಡು. ಅಂಕಿಗಳು ಸುಳ್ಳು ಹೇಳುತ್ತಿವೆ ಎಂದು ಅನುಮಾನ ಬಂದವರು ನನ್ನ ಹತ್ತಿರ ಬರುತ್ತಾರೆ. ವಿಮೆಯವರು, ವಕೀಲರು, ಒಮ್ಮೊಮ್ಮೆ ಯಾರದೋ ಹೆಂಡತಿ. ಅಂಕಿಗಳು ಸುಳ್ಳು ಹೇಳುವುದಿಲ್ಲ. ಅವನ್ನು ಸಾಲಿನಲ್ಲಿ ನಿಲ್ಲಿಸಿದವರು ಹೇಳುತ್ತಾರೆ. ಆ ಸಾಲು ಎಲ್ಲಿ ಡೊಂಕಾಗಿದೆ ಎಂದು ತೋರಿಸುವುದು ನನ್ನ ಕಸುಬು. ಅದನ್ನು ನೆಟ್ಟಗೆ ಮಾಡಿಕೊಡಿ ಎನ್ನುವವರೂ ಬರುತ್ತಾರೆ. ಅವರಿಗೂ ಚಾ ಕೊಡುತ್ತೇನೆ.

ಮೂರು ದಿನದ ಹಿಂದೆ ಕಮಲಾಕರ ಬಂದ. ಧಾರವಾಡದಲ್ಲಿ ಎರಡು ವರ್ಷ ನನ್ನ ಹಾಸ್ಟೆಲ್ ಕೋಣೆಯಲ್ಲಿದ್ದವನು. ನಮ್ಮಪ್ಪ ತೀರಿಕೊಂಡಾಗ ಕಾಳಿ ನದಿಯ ದಡದವರೆಗೆ ಚಟ್ಟಕ್ಕೆ ಹೆಗಲು ಕೊಟ್ಟವನು. ಈಗ ಅಗಸೂರಿನ ಹತ್ತಿರದ ಒಂದು ಕಲ್ಲು ಕ್ವಾರಿಯಲ್ಲಿ ಸುರಕ್ಷತೆಯ ಮ್ಯಾನೇಜರು. ಎರಡು ವರ್ಷದ ಹಿಂದೆ ಆ ಕ್ವಾರಿಗೆ ಮಳೆ ಲೆಕ್ಕದ ಶೀಟು ಮಾಡಿಕೊಟ್ಟವನು ನಾನೇ. ಆ ಕೆಲಸ ಕೊಡಿಸಿದವನು ಅವನು.

ಲೆಕ್ಕ ಸರಳ. ಕ್ವಾರಿ ಇರುವುದು ಕಡಿದು ನಿಲ್ಲಿಸಿದ ಗುಡ್ಡದ ಕೆಳಗೆ. ಊರಿನ ಮಾದಿ ಎಂಬಾಕೆ ತನ್ನ ಮನೆಯ ಹಿಂದಿನ ಮಳೆಮಾಪಕವನ್ನು ದಿನಾ ಬೆಳಿಗ್ಗೆ ಎಂಟೂವರೆಗೆ ಅಳೆಯುತ್ತಾಳೆ. ಇಷ್ಟು ಮಿಲಿಮೀಟರ್ ಎಂದು ಆಫೀಸಿಗೆ ಫೋನ್ ಮಾಡುತ್ತಾಳೆ. ಅಲ್ಲಿ ರಕ್ಷಿತಾ ಎಂಬ ಹುಡುಗಿ ಕಂಪ್ಯೂಟರಿಗೆ ಹಾಕುತ್ತಾಳೆ. ಕಂಪ್ಯೂಟರು ಮೂರು ದಿನದ್ದನ್ನು ಕೂಡಿಸುತ್ತದೆ. ಇವತ್ತು, ನಿನ್ನೆ, ಮೊನ್ನೆ. ನಾಳೆ ಬಂದರೆ ಹೊಸ ದಿನ ಒಳಗೆ, ಮೊನ್ನೆ ಹೊರಗೆ. ಹೀಗೆ ಮೊತ್ತ ದಿನದ ಜೊತೆ ಸರಿಯುತ್ತ ಹೋಗುತ್ತದೆ. ಅದು ಇನ್ನೂರಾ ಇಪ್ಪತ್ತು ದಾಟಿತೋ, ಪರದೆ ಕೆಂಪು. ಗುಡ್ಡದ ಕೆಳಗೆ ನರಪಿಳ್ಳೆ ಇರಬಾರದು. ಒಂದು ದಿನದ ಮಳೆಗೆ ಗುಡ್ಡ ಜಗ್ಗುವುದಿಲ್ಲ. ಮೂರು ದಿನ ಕುಡಿದರೆ ಜಗ್ಗುತ್ತದೆ. ಮನುಷ್ಯರ ಹಾಗೇ.

ಜುಲೈ ಹದಿನಾರು, ಬೆಳಿಗ್ಗೆ ಹನ್ನೊಂದು. ಚಾ ಹೊತ್ತು. ಗುಡ್ಡ ಬಂತು.

ಗುಡ್ಡದಡಿಯ ಕ್ವಾರಿ ಶೆಡ್ಡಿನಲ್ಲಿ ಮೂವರಿದ್ದರು. ಇಬ್ಬರು ಓಡಿದರು. ಹುಲಿಯಾ ಓಡಲಿಲ್ಲ, ಗ್ಲಾಸು ಕೆಳಗಿಡಲು ಬಗ್ಗಿದ್ದನಂತೆ.

ಹುಲಿಯಾ ಅಂದರೆ ಮಾದಿಯ ಗಂಡ.

ಕಂಪನಿಯ ಶೀಟಿನಲ್ಲಿ ಹದಿಮೂರಕ್ಕೆ ಐವತ್ತೆಂಟು, ಹದಿನಾಲ್ಕಕ್ಕೆ ಎಪ್ಪತ್ತೊಂದು, ಹದಿನೈದಕ್ಕೆ ನಲವತ್ತಾರು. ಮೊತ್ತ ನೂರಾ ಎಪ್ಪತ್ತೈದು. ಪರದೆ ಹಸಿರು. ಮರುದಿನ ಎಂಬತ್ತೆಂಟು ಸೇರಿ ಇನ್ನೂರಾ ಐದು. ಆಗಲೂ ಹಸಿರು. ಯಾರ ತಪ್ಪೂ ಇಲ್ಲ, ಗುಡ್ಡದ್ದೇ ತಪ್ಪು.

ಆದರೆ ಎರಡು ಕಿಲೋಮೀಟರ್ ಆಚೆಯ ಇನ್ನೊಂದು ಮಾಪಕ ಹದಿನೈದಕ್ಕೆ ತೊಂಬತ್ತರ ಮೇಲೆ ತೋರಿಸಿತ್ತು. ಹಾಗಾಗಿ ವಿಚಾರಣೆ. ಕಂಪನಿ ಹೇಳಿತು, ಮಾದಿ ಕೊಟ್ಟ ಅಂಕಿಯೇ ನಲವತ್ತಾರು, ಅಳೆಯದೆ ಬಾಯಿಗೆ ಬಂದದ್ದು ಹೇಳಿದ್ದಾಳೆ. ಮಾದಿ ಹೇಳಿದಳು, ನಾನು ಕೊಟ್ಟದ್ದು ತೊಂಬತ್ತಾರು. ಅವಳ ರಿಜಿಸ್ಟರನ್ನು ಅವತ್ತು ಹುಲಿಯಾ ಆಫೀಸಿಗೆ ತೋರಿಸಲು ಒಯ್ದಿದ್ದ, ಅದು ಶೆಡ್ಡಿನಲ್ಲಿತ್ತು, ಈಗ ಮಣ್ಣಿನಡಿ. ರಕ್ಷಿತಾ ಮರುದಿನವೇ ಕೆಲಸ ಬಿಟ್ಟು ಮಡಗಾಂವಿನ ಚಿಕ್ಕಮ್ಮನ ಮನೆ ಸೇರಿದ್ದಳು. ಫೋನು ಬಂದ್.

ಕಮಲಾಕರ ನನ್ನ ಮೇಜಿನ ಮೇಲೆ ಒಂದು ಹಾಳೆ ಇಟ್ಟ. ಅಳತೆಯಲ್ಲಿ ತಪ್ಪಾಗಿರಬಹುದು ಎಂದು ಮಾದಿಯಿಂದ ನಾನು ಸಹಿ ಹಾಕಿಸಿ ತಂದರೆ ಸಾಕಂತೆ. ಮಗಳು ದೀಕ್ಷಾಗೆ ಆಫೀಸಿನಲ್ಲಿ ಕೆಲಸ ಕೊಡಿಸುತ್ತಾನಂತೆ.

"ತಪ್ಪಾಗಿರದಿದ್ದರೆ?" ಎಂದೆ.

"ನೀನೇ ಲೆಕ್ಕ ಮಾಡಿ ನೋಡು ಮಾರಾಯ. ಶೀಟು ಮಾಡಿದವ್ನು ನೀನೇ ಅಲ್ಲವಾ."

ನೋಡಿದೆ. ಮೂರು ದಿನದ ಮೊತ್ತ, ಏಳು ದಿನದ ಸರಾಸರಿ, ತಿಂಗಳ ಒಟ್ಟು, ಎಲ್ಲ ಕೂದಲೆಳೆಯಷ್ಟೂ ತಪ್ಪದೆ ಕೂಡಿದವು. ಕೂಡದೆ ಏನು? ಒಂದು ಅಂಕಿ ಬದಲಿಸಿದರೆ ಉಳಿದವೆಲ್ಲ ತಾವಾಗಿ ಹೊಂದಿಕೊಳ್ಳುವಂತೆ ನಾನೇ ಮಾಡಿದ್ದೆ. ಕೆಲಸ ಅಚ್ಚುಕಟ್ಟಾಗಿತ್ತು. ಹೆಮ್ಮೆ ಪಡಬಹುದಿತ್ತು.

ವಿಚಾರಣೆಯ ದಿನ ಬೆಳಿಗ್ಗೆಯೇ ಅಗಸೂರಿಗೆ ಹೋದೆ. ಮಳೆ ಬಿಟ್ಟು ಹೊಳವಾಗಿತ್ತು. ಮಾದಿ ಅಂಗಳದಲ್ಲಿ ಸೌತೆ ಬಳ್ಳಿಗೆ ಕೋಲು ಊರುತ್ತಿದ್ದಳು. ಕೂತ್ಕೊ ಅನ್ನಲಿಲ್ಲ. ಹಾಳೆ ತೋರಿಸಿದೆ.

"ಓದು," ಅಂದಳು. "ನಂಗೂ ಓದೂಕೆ ಬತ್ತದೆ, ಎಸ್ಸೆಸ್ಸೆಲ್ಸಿ ಪಾಸು. ಆದ್ರೂ ನಿನ್ನ ಬಾಯಲ್ಲೇ ಕೇಳ್ವಾ."

ಓದಿದೆ. ಕೊನೆಯ ಸಾಲಿಗೆ ಬರುವಾಗ ನನ್ನ ದನಿ ನನಗೇ ಕೇಳುತ್ತಿರಲಿಲ್ಲ.

"ತಪ್ಪಾಗಿರಬಹುದು," ಅಂತ ಅವಳು ಆ ಮಾತನ್ನು ಬಾಯಲ್ಲಿಟ್ಟು ರುಚಿ ನೋಡಿದಳು. "ಆಗಿದ್ರೆ 'ಆಗಿದೆ' ಹೇಳ್ತೆ. ಆಗ್ಲಿಲ್ಲ. ಆಗಿರಬಹುದು ಹೇಳೂದು ಎಂತಾ ಮಾತು ಅಣ್ಣಾ? ನಿಂಗೆ ಮದ್ವಿ ಆಗಿರಬಹುದಾ?"

ಒಳಗೆ ಹೋದಳು. ಎರಡೂ ಕೈಯಲ್ಲಿ ಕ್ಯಾನು ಎತ್ತಿ ತಂದು ನನ್ನ ಕಾಲ ಬುಡದಲ್ಲಿಟ್ಟಳು.

ಕ್ಯಾನಿನ ಮೈಮೇಲೆ ಮಾರ್ಕರ್ ಪೆನ್ನಿನ ಅಡ್ಡ ಗೀಟುಗಳು, ಏಣಿಯ ಹಾಗೆ. ಒಂದೊಂದು ಗೀಟಿನ ಪಕ್ಕ ತಾರೀಖು. ಒಂದು, ಎರಡು, ಮೂರು... ಹದಿನಾರರವರೆಗೆ. ಗಂಡ ಹೋದ ಮೇಲೆ ಅವಳು ಅಳೆದಿರಲಿಲ್ಲ. ಅವುಗಳ ಕೆಳಗೆ ಹೋದ ವರ್ಷದ ಗೀಟುಗಳು ಮಾಸಿ ಬೂದಿಬಣ್ಣವಾಗಿದ್ದವು. ಅಷ್ಟು ಗೀಟುಗಳನ್ನು ಯಾರೂ ಒಂದೇ ದಿನ ಕೂತು ಎಳೆಯಲಾರರು.

ಹೋದ ವರ್ಷ ಆಫೀಸಿನ ಯಾರೋ ಫೋನಿನಲ್ಲಿ ಅಂದಿದ್ದರಂತೆ, ನೀನು ಮನೆಯೊಳಗೆ ಬೆಚ್ಚಗೆ ಕೂತು ಅಂಕಿ ಹುಟ್ಟಿಸ್ತೀಯ ಎಂದು. ಅಂದಿನಿಂದ ಮಾದಿ ಅಳೆದ ನೀರನ್ನು ಚೆಲ್ಲುವುದಿಲ್ಲ. ಕ್ಯಾನಿಗೆ ಹೊಯ್ಯುತ್ತಾಳೆ, ಗೀಟು ಎಳೆಯುತ್ತಾಳೆ, ಮುಚ್ಚಳ ಬಿಗಿಯುತ್ತಾಳೆ. ತಿಂಗಳು ಮುಗಿದರೆ ಸೌತೆ ಬುಡಕ್ಕೆ ಸುರಿದು ಮತ್ತೆ ಒಂದರಿಂದ ಶುರು.

"ಸುಳ್ಳು ಅಂದ್ರೆ ಬಂದು ಅಳೀಲಿ ಹೇಳಿ ಇಟ್ಟೆ. ಯಾರೂ ಬರ್ಲಿಲ್ಲ. ಬಂದವ್ರೆಲ್ಲ ಸಹಿ ಕೇಳೂಕೇ ಬಂದವ್ರು."

ದಿನದಿನದ್ದನ್ನು ಹಿಂದಿನದ್ದಕ್ಕೆ ಕೂಡಿಸುತ್ತ ಹೋಗುವುದಕ್ಕೆ ನಮ್ಮ ಪುಸ್ತಕದಲ್ಲಿ ಸಂಚಿತ ಮೊತ್ತ ಅನ್ನುತ್ತಾರೆ. ಏರಬಹುದು, ನಿಲ್ಲಬಹುದು, ಇಳಿಯುವಂತಿಲ್ಲ. ನಾನು ಅದನ್ನು ಕಾಗದದಲ್ಲಿ ಬರೆದಿದ್ದೆ, ಪರದೆಯಲ್ಲಿ ನೋಡಿದ್ದೆ. ನೀರಿನಲ್ಲಿ ನೋಡಿದ್ದು ಅದೇ ಮೊದಲು.

ಅವಳ ಮಾಪಕದ ಬಾಯಿಗೆ ಐವತ್ತು ಮಿಲಿಮೀಟರ್ ಮಳೆ ಬಿದ್ದರೆ ಸರಿಯಾಗಿ ಒಂದು ಲೀಟರ್. ಅಳೆದೆವು. ಹದಿನೈದೂ ಮುಕ್ಕಾಲು ಲೀಟರ್ ಬಂತು. ಮಳೆಗೆ ತಿರುಗಿಸಿದರೆ ಏಳುನೂರಾ ಎಂಬತ್ತೆಂಟು. ಕಂಪನಿಯ ಶೀಟಿನಲ್ಲಿ ಜುಲೈ ಹದಿನಾರರವರೆಗಿನ ಒಟ್ಟು ಏಳುನೂರಾ ಮೂವತ್ತೆಂಟು. ವ್ಯತ್ಯಾಸ ಐವತ್ತು. ಒಂದು ಲೀಟರ್. ಹದಿನಾಲ್ಕು ಮತ್ತು ಹದಿನೈದರ ಗೀಟುಗಳ ನಡುವೆ ಎರಡು ಲೀಟರಿಗೆ ಸ್ವಲ್ಪವೇ ಕಡಿಮೆ. ಅಂದರೆ ತೊಂಬತ್ತಾರು.

ಕಂಪ್ಯೂಟರಿನಲ್ಲಿ ಅಂಕಿ ಬದಲಿಸಬಹುದು. ಹದಿನಾರರ ನೀರಿನ ಕೆಳಗಿಂದ ಹದಿನೈದರ ನೀರನ್ನು ತೆಗೆಯುವುದು ಹೇಗೆ?

ತೊಂಬತ್ತಾರು ಹಾಕಿ ನೋಡಿ. ಐವತ್ತೆಂಟು, ಎಪ್ಪತ್ತೊಂದು, ತೊಂಬತ್ತಾರು. ಇನ್ನೂರಾ ಇಪ್ಪತ್ತೈದು. ಪರದೆ ಹದಿನೈದರ ಬೆಳಿಗ್ಗೆಯೇ ಕೆಂಪಾಗಿತ್ತು. ಗುಡ್ಡ ಬೀಳುವ ಇಪ್ಪತ್ತಾರು ಗಂಟೆ ಮುಂಚೆ.

ಫೋಟೋ ತೆಗೆದೆ. ಆದರೆ ಫೋಟೋದಲ್ಲಿ ನೀರು ಕಾಣುತ್ತದೆ, ಮಳೆ ಕಾಣುವುದಿಲ್ಲ. ಕಂಪನಿಯ ವಕೀಲ ಎರಡು ನಿಮಿಷದಲ್ಲಿ ಅದನ್ನು ನಲ್ಲಿನೀರು ಮಾಡುತ್ತಾನೆ. ಕ್ಯಾನೇ ಬೇಕು, ಅಧಿಕಾರಿಯ ಮೇಜಿನ ಮೇಲೆ. ಮಾದಿ ಮಗಳ ಜೊತೆ ಬಸ್ಸಿಗೆ ಬರುತ್ತೇನೆ ಅಂದಳು. ನಾನು ಕ್ಯಾನು ಹೊತ್ತು ಕಾರಿಗೆ ಬಂದೆ.

ಆಗ ಆ ಫೋನ್ ಮಾಡಿದೆ. ಕಮಲಾಕರನಿಗೆ.

ಯಾಕೆ ಎಂದು ಕೇಳುತ್ತೀರಿ. ಎಚ್ಚರಿಸಲಿಕ್ಕೆ! ಮಾಲೀಕರ ಕಡೆಯವರು ಯಾರೋ ಅಂಕಿ ತಿದ್ದಿದ್ದಾರೆ, ನಿನ್ನ ತಲೆಗೆ ಕಟ್ಟುತ್ತಾರೆ, ಹುಷಾರು ಎಂದು. ಇಪ್ಪತ್ತು ವರ್ಷದ ಗೆಳೆತನ ಅಂದರೆ ಅಷ್ಟೂ ಬೇಡವೇ.

ಅವನು ಕ್ಯಾನಿನ ಸುದ್ದಿ ಪೂರ್ತಿ ಕೇಳಿಸಿಕೊಂಡ. ಆಮೇಲೆ ಕೇಳಿದ.

"ಎಷ್ಟು ಜಾಸ್ತಿ ಅದೆ?"

"ಒಂದು ಲೀಟರ್."

"ಯಾವ ದಾರಿ ಬರ್ತಿ?"

"ಬಾಳೆಗುಳಿ ಮೇಲೆ."

"ಹುಷಾರಾಗಿ ಬಾ."

ಆ ಕೊನೆಯ ಮಾತು ನನಗೆ ಪ್ರೀತಿಯ ಹಾಗೆ ಕೇಳಿಸಿತ್ತು.

ಈಗ ಟಿಪ್ಪರು.

ಬಾಳೆಗುಳಿ ಕ್ರಾಸಿಗೆ ಇನ್ನು ಎರಡು ಕಿಲೋಮೀಟರ್ ಇರುವಾಗ ಅದಕ್ಕೆ ಮರ್ಯಾದೆ ಸಾಕಾಯಿತು. ಹಿಂದಿನಿಂದ ಒಂದು ಗುದ್ದು. ಆಲ್ಟೋದ ಬಾಲ ಎಡಕ್ಕೆ ಹೋಯಿತು. ಕ್ಯಾನಿನೊಳಗೆ ಜುಲೈ ತಿಂಗಳು ಗುಡುಗುಡು ಅಂದಿತು. ಸ್ಟಿಯರಿಂಗ್ ತಿರುಗಿಸಿ ಎದುರಿನ ಬಸ್ಸಿನ ಮೂಗಿನಡಿಯಿಂದ ನುಸುಳಿದೆ. ಬಸ್ಸಿನ ಡ್ರೈವರು ಅಂದ ಮಾತು ಪೂರ್ತಿ ಕೇಳಲಿಲ್ಲ, ನಮ್ಮ ಅಮ್ಮನ ಸುದ್ದಿ ಇತ್ತು.

ಎಡಕ್ಕೊಂದು ಮಣ್ಣು ರಸ್ತೆ ಕಂಡಿತು. ನುಗ್ಗಿದೆ. ತಪ್ಪು ಮಾಡಿದೆ.

ಇನ್ನೂರು ಮೀಟರಿನಲ್ಲಿ ಇನ್ನೊಂದು ಟಿಪ್ಪರು ಅಡ್ಡ ನಿಂತಿತ್ತು. ಬಾನೆಟ್ಟಿಗೆ ಬೆನ್ನು ಕೊಟ್ಟು ಜಟ್ಟ ನಿಂತಿದ್ದ. ಕ್ವಾರಿಯ ಸೂಪರ್‌ವೈಸರ್. ಒಂದು ಕಾಲದಲ್ಲಿ ತಾಲೂಕಿನ ಕಬಡ್ಡಿ ತಂಡದಲ್ಲಿ ಆಡಿದವನು. ಹಿಡಿದರೆ ಬಿಡದ ಕೈ.

"ದೇವಿದಾಸಣ್ಣ, ಇಳೀರಿ. ಮೈ ನೋವು ಮಾಡ್ಕೊಳ್ಳೂದು ಬ್ಯಾಡ."

"ಜಟ್ಟ, ಇದು ಬರೀ ನೀರು."

"ಗೊತ್ತದೆ. ಒಂದು ಲೀಟರ್ ಜಾಸ್ತಿ ಅದೆಯಂತಲ್ಲ. ನಿಮ್ಮ ಗಾಡಿಗೆ ಭಾರ ಆಗೂದಿಲ್ವಾ?"

ಒಂದು ಲೀಟರ್.

ಆ ಎರಡು ಶಬ್ದ ನಾನು ಇಡೀ ಜಗತ್ತಿನಲ್ಲಿ ಒಂದೇ ಕಿವಿಗೆ ಹಾಕಿದ್ದೆ. ಆಮೇಲೆ ಪಕ್ಕೆಗೆ ಬಿದ್ದ ಜಾಕ್ ಲಿವರು ಅಷ್ಟು ನೋಯಲಿಲ್ಲ.

ನಾನೂ ಸುಮ್ಮನೆ ಬೀಳಲಿಲ್ಲ. ಜಟ್ಟನ ಜೊತೆಗಿದ್ದವನ ಮೂಗಿಗೆ ತಲೆಯಿಂದ ಕೊಟ್ಟೆ. ಅವನು ಕೂತ. ಎರಡನೆಯ ಹೊಡೆತಕ್ಕೆ ನಾನೂ ಅವನ ಪಕ್ಕದಲ್ಲೇ ಕೂತೆ. ಬಾಯಲ್ಲಿ ರಕ್ತದ ಉಪ್ಪು.

ಜಟ್ಟ ಕ್ಯಾನಿನ ಸೀಟ್‌ಬೆಲ್ಟನ್ನು ಮಗುವಿನದ್ದು ಬಿಚ್ಚುವ ಹಾಗೆ ಬಿಚ್ಚಿದ. ಮುಚ್ಚಳ ತಿರುಗಿಸಿದ. ಬಗ್ಗಿಸಿದ.

ಹದಿನಾರನೇ ತಾರೀಖು ಮೊದಲು ಹೋಯಿತು. ಆಮೇಲೆ ಹದಿನೈದು. ಆಮೇಲೆ ಎಲ್ಲ ಒಟ್ಟಿಗೆ. ಅರ್ಧ ತಿಂಗಳ ಮಳೆ ಖಾಲಿಯಾಗಲು ಒಂದು ನಿಮಿಷ ಸಾಕಾಯಿತು. ಕೆಂಪು ಮಣ್ಣು ಅದನ್ನು ಗಟಗಟನೆ ಕುಡಿಯಿತು. ಖಾಲಿ ಕ್ಯಾನನ್ನು ಅವನು ಟಿಪ್ಪರಿನ ತೊಟ್ಟಿಗೆಸೆದ.

"ಹುಲಿಯಾನ ಜೊತೆ ಚಾ ಕುಡೀತಿದ್ದವನು ನೀನಲ್ಲವಾ?" ಎಂದು ಕೇಳಿದೆ. "ಓಡಿದ ಇಬ್ಬರಲ್ಲಿ ಒಬ್ಬ."

ಅವನು ನನ್ನ ಮುಖ ನೋಡಲಿಲ್ಲ.

"ಹೌದು."

"ಮತ್ತೆ ಇದು ಯಾಕೆ ಜಟ್ಟ?"

"ಒಂದ್ಸಲ ಓಡಿದವ್ನು ಓಡ್ತಾನೇ ಇರ್ಬೇಕಲ್ಲ ಅಣ್ಣಾ."

ಟಿಪ್ಪರು ಎರಡೂ ಹೋದವು. ನಾನು ಒದ್ದೆ ಮಣ್ಣಿನ ಪಕ್ಕ ಕೂತೇ ಇದ್ದೆ. ಗಂಟೆ ಹನ್ನೆರಡೂವರೆ.

ನಿಮಗೆ ಒಂದು ವಿಷಯ ಹೇಳಿರಲಿಲ್ಲ. ಹೇಳುವ ಅಗತ್ಯ ಬೀಳುವುದಿಲ್ಲ ಎಂದುಕೊಂಡಿದ್ದೆ. ಕ್ಯಾನು ಇದ್ದಿದ್ದರೆ ಬೀಳುತ್ತಲೂ ಇರಲಿಲ್ಲ.

ಇನ್ನೊಂದು ಸಾಕ್ಷಿ ಇತ್ತು. ನನ್ನ ಜೇಬಿನಲ್ಲೇ.

ಶೀಟು ಮಾಡುವಾಗ ಮಾಲೀಕರು ಕೇಳಿದ್ದರು, ದಿನಾ ಬೆಳಿಗ್ಗೆ ನನ್ನ ಫೋನಿಗೆ ಒಂದೇ ಒಂದು ಅಂಕಿ ಬರಲಿ, 'ಗಾಬರಿ ಆಗದ ಅಂಕಿ' ಎಂದು. ಮೂರು ದಿನದ ಮೊತ್ತ ಕಿರಿಚುತ್ತದೆ. ಏಳು ದಿನದ ಸರಾಸರಿ ಕಿರಿಚುವುದಿಲ್ಲ. ಒಂದು ದಿನ ಎಷ್ಟೇ ಸುರಿಯಲಿ, ಅದನ್ನು ಏಳು ದಿನಕ್ಕೆ ಹಂಚಿ ಮೆತ್ತಗೆ ಮಾಡಿಬಿಡುತ್ತದೆ. ಹಾಗಾಗಿ ಸರಾಸರಿ. ದಿನಾ ಎಂಟು ನಲವತ್ತೈದಕ್ಕೆ ಕಂಪನಿಯ ನಂಬರಿನಿಂದ ತಾನಾಗಿ ವಾಟ್ಸಾಪ್ ಹೋಗುತ್ತದೆ. ಮೂರು ಜನಕ್ಕೆ. ಮಾಲೀಕರು, ಕಮಲಾಕರ, ಮೂರನೆಯವನು ನಾನು. ಪರೀಕ್ಷೆಗೆಂದು ನನ್ನ ನಂಬರು ಹಾಕಿದ್ದೆ. ತೆಗೆದಿರಲಿಲ್ಲ.

ಹದಿನಾಲ್ಕರ ಮೆಸೇಜು: ಐವತ್ತೆರಡು.

ಹದಿನೈದರ ಮೆಸೇಜು: ಐವತ್ತೊಂಬತ್ತು.

ಇಷ್ಟೇ. ನೋಡಿದರೆ ಏನೂ ಇಲ್ಲ. ಈಗ ಬಿಚ್ಚಿ ನೋಡಿ. ಐವತ್ತೆರಡನ್ನು ಏಳರಿಂದ ಗುಣಿಸಿದರೆ ಮುನ್ನೂರಾ ಅರವತ್ತನಾಲ್ಕು. ಐವತ್ತೊಂಬತ್ತನ್ನು ಗುಣಿಸಿದರೆ ನಾನೂರಾ ಹದಿಮೂರು. ಒಂದು ದಿನದಲ್ಲಿ ಮೊತ್ತ ನಲವತ್ತೊಂಬತ್ತು ಏರಿದೆ. ಹದಿನೈದು ಒಳಗೆ ಬರುವಾಗ ಎಂಟನೇ ತಾರೀಖು ಹೊರಗೆ ಹೋಗಿದೆ. ಎಂಟರ ಮಳೆ ನಲವತ್ತೇಳು, ಅದರಲ್ಲಿ ಯಾರ ತಕರಾರೂ ಇಲ್ಲ. ಹೋದ ನಲವತ್ತೇಳು, ಏರಿದ ನಲವತ್ತೊಂಬತ್ತು. ಒಳಗೆ ಬಂದದ್ದು ತೊಂಬತ್ತಾರು.

ಮಾದಿ ತೊಂಬತ್ತಾರೇ ಹೇಳಿದ್ದಳು. ರಕ್ಷಿತಾ ತೊಂಬತ್ತಾರೇ ಹಾಕಿದ್ದಳು. ಮೆಸೇಜು ಹೋದ ಮೇಲೆ ಯಾರೋ ಕೂತು ನಲವತ್ತಾರು ಮಾಡಿದ್ದರು. ಶೀಟು ಹೊಸ ಸುಳ್ಳಿಗೆ ಹೊಂದಿಕೊಂಡಿತ್ತು. ಹೊರಟುಹೋದ ಮೆಸೇಜು ಹಿಂದೆ ಬಂದಿರಲಿಲ್ಲ.

ಹಾಗಾದರೆ ಮೊದಲೇ ಫೋನು ತೆಗೆಯಬಾರದಿತ್ತಾ? ನೀವು ಕೇಳುತ್ತೀರಿ ಎಂದು ಗೊತ್ತಿತ್ತು.

ಕಾರವಾರಕ್ಕೆ ಬರುವಾಗ ಎರಡೂವರೆ. ವಿಚಾರಣೆಯ ಆಫೀಸಿನ ಹಿಂದೆ, ಬಾದಾಮಿ ಮರದಡಿ ಕಮಲಾಕರನ ಕಾರಿತ್ತು. ಅವನು ಹೊರಗೆ ನಿಂತಿದ್ದ. ನನ್ನ ಮುಖ ನೋಡಿ ಜೇಬಿನಿಂದ ಕರವಸ್ತ್ರ ತೆಗೆದು ಚಾಚಿದ. ತೆಗೆದುಕೊಂಡೆ. ತುಟಿ ಒರೆಸಿಕೊಂಡೆ. ಹಳೇ ಗೆಳೆತನದ ಚಟಗಳು ಬೇಗ ಹೋಗುವುದಿಲ್ಲ.

"ಹೊಡೀಬೇಡಿ ಹೇಳಿದ್ದೆ," ಅಂದ.

"ಥ್ಯಾಂಕ್ಸ್."

"ಜೂನಿಂದ ಐದು ಸಲ ಕೆಂಪು ಬಂದಿತ್ತು ದೇವಿ. ಐದು ಸಲವೂ ಕೆಲಸ ನಿಲ್ಲಿಸ್ದೆ. ಐದು ಸಲವೂ ಗುಡ್ಡ ಒಂದು ಕಲ್ಲೂ ಉದುರಿಸ್ಲಿಲ್ಲ. ಮಾಲೀಕರು ನಕ್ಕರು, ನಿನ್ನ ಗುಡ್ಡಕ್ಕೆ ಶೀತ ಆಗಿದೆಯಾ ಹೇಳಿ ಕೇಳಿದ್ರು. ಆರನೇ ಸಲ ನಂಗೆ ಆಗ್ಲಿಲ್ಲ."

ಅವನ ದನಿಯಲ್ಲಿ ಸುಳ್ಳಿರಲಿಲ್ಲ. ಅದೇ ಕಷ್ಟ. ಪೂರ್ತಿ ಕೆಟ್ಟವನಾಗಿದ್ದರೆ ಕೆಲಸ ಸುಲಭವಾಗುತ್ತಿತ್ತು.

ಫೋನು ತೆಗೆದು ತೋರಿಸಿದೆ. ಐವತ್ತೆರಡು. ಐವತ್ತೊಂಬತ್ತು. ಲೆಕ್ಕ ಹೇಳಬೇಕಾಗಲಿಲ್ಲ, ಅವನೂ ಅದೇ ಪುಸ್ತಕ ಓದಿದವನು. ಬೆಳ್ಳಗಾಗುತ್ತಾನೆ ಎಂದುಕೊಂಡಿದ್ದೆ. ಆಗಲಿಲ್ಲ. ದುಃಖದಿಂದ ನೋಡಿದ.

"ಅದನ್ನು ತೋರಿಸ್ಬೇಡ ದೇವಿ. ನಂಗಲ್ಲ, ನಿಂಗೆ ಒಳ್ಳೇದಲ್ಲ."

"ಯಾಕೆ?"

"ಆ ಮೆಸೇಜಿಗೆ ಎಂಟು ಐವತ್ತೊಂದಕ್ಕೆ ನಿನ್ನ ಕಡೆಯಿಂದ ನೀಲಿ ಟಿಕ್ ಬಿತ್ತು. ನಾನು ಆಫೀಸಿನ ಫೋನಲ್ಲಿ ನೋಡ್ತಾ ಇದ್ದೆ. ನೀನು ಫೋನ್ ಮಾಡ್ತಿ, ಬಯ್ತಿ ಹೇಳಿ ಒಂಬತ್ತೂವರೆವರೆಗೆ ಕಾದೆ. ಮಾಡ್ಲಿಲ್ಲ. ಆಮೇಲೇ ನಲವತ್ತಾರು ಬರೆದದ್ದು."

ಮರದಿಂದ ಒಂದು ಎಲೆ ಬಿತ್ತು. ಅದು ಬೀಳುವುದನ್ನು ಇಬ್ಬರೂ ನೋಡಿದೆವು.

"ಈ ಕೆಲಸಕ್ಕೆ ನಿನ್ನನ್ನೇ ಯಾಕೆ ಕರೆದೆ ಹೇಳಿ ಯೋಚನೆ ಮಾಡ್ಲಿಲ್ವಾ?" ಅಂದ. "ಸುಮ್ಮನೆ ಇರೂಕೆ ನನ್ನಷ್ಟೇ ಕಾರಣ ಇರುವವ್ನು ನೀನೊಬ್ಬನೇ."

ಗೆಳೆತನಕ್ಕೆ ಕರೆದ ಎಂದುಕೊಂಡಿದ್ದೆ. ಅವನು ನನ್ನನ್ನೂ ಒಂದು ಅಂಕಿಯ ಹಾಗೆ ಸಾಲಿನಲ್ಲಿ ನಿಲ್ಲಿಸಿದ್ದ. ಎಲ್ಲಿ ಏರುತ್ತೇನೆ, ಎಲ್ಲಿ ನಿಲ್ಲುತ್ತೇನೆ, ಎಲ್ಲ ಲೆಕ್ಕ ಹಾಕಿಟ್ಟಿದ್ದ.

"ಓದಿದ್ದೆ," ಎಂದೆ. "ಲೆಕ್ಕ ಮಾಡಿರಲಿಲ್ಲ. ದಿನಾ ಬರುವ ಮೆಸೇಜು. ನೋಡಿ ಬಿಟ್ಟೆ."

"ನೀನು?" ಅವನು ಸಣ್ಣಗೆ ನಕ್ಕ. "ಲೆಕ್ಕ ಮಾಡ್ಲಿಲ್ಲ?"

ಕರವಸ್ತ್ರವನ್ನು ಮಡಚಿ ಅವನ ಬಾನೆಟ್ಟಿನ ಮೇಲಿಟ್ಟೆ. ಮೆಟ್ಟಿಲು ಹತ್ತಿದೆ. ಪಕ್ಕೆ ಪ್ರತಿ ಮೆಟ್ಟಿಲಿಗೂ ತನ್ನ ಅಭಿಪ್ರಾಯ ಹೇಳಿತು.

ವಿಚಾರಣಾಧಿಕಾರಿಯ ಹೆಸರು ಶರಾವತಿ. ಐವತ್ತರ ಹೆಂಗಸು, ಕಡಿಮೆ ಮಾತಿನವರು. ಮೇಜಿನ ಒಂದು ಕಡೆ ಕಂಪನಿಯ ವಕೀಲ ಮತ್ತು ಕಮಲಾಕರ. ಇನ್ನೊಂದು ಕಡೆ ಮಾದಿ, ಪಕ್ಕದಲ್ಲಿ ದೀಕ್ಷಾ. ಮಾದಿ ನನ್ನ ಒಡೆದ ತುಟಿ ನೋಡಿದಳು, ಖಾಲಿ ಕೈ ನೋಡಿದಳು. ಸೆರಗಿನ ತುದಿಯನ್ನು ಬೆರಳಿಗೆ ಸುತ್ತಿಕೊಂಡಳು.

ವಕೀಲ ಚೆನ್ನಾಗಿ ಮಾತಾಡಿದ. ಓದು ಕಡಿಮೆ ಇರುವವರ ಕೈಗೆ ಇಂಥ ಜವಾಬ್ದಾರಿ ಕೊಟ್ಟದ್ದೇ ಕಂಪನಿಯ ದೊಡ್ಡ ಮನಸ್ಸು ಎಂದ. ದುಃಖದಲ್ಲಿರುವ ಹೆಂಗಸಿನ ಮೇಲೆ ಕೇಸು ಹಾಕುವ ಇಷ್ಟ ಯಾರಿಗೂ ಇಲ್ಲ, ಆದರೆ ಸತ್ಯ ಸತ್ಯವೇ ಎಂದ. ದೀಕ್ಷಾ ಅಳತೊಡಗಿದಳು. ಮಾದಿ ಅಳಲಿಲ್ಲ.

ನಾನು ಎದ್ದು ಫೋನನ್ನು ಅಧಿಕಾರಿಯ ಮುಂದಿಟ್ಟೆ. ಒಂದು ಕಾಗದ ಕೇಳಿದೆ. ಏಳು ಮನೆ ಎಳೆದೆ. ಒಂದು ದಿನ ಒಳಗೆ, ಒಂದು ದಿನ ಹೊರಗೆ. ಮೂರು ಸಾಲಿನಲ್ಲಿ ತೊಂಬತ್ತಾರು ಹೊರಬಂತು.

ಶರಾವತಿಯವರು ಅದನ್ನು ತಮ್ಮ ಕೈಯಿಂದ ಮತ್ತೊಮ್ಮೆ ಮಾಡಿದರು. ಕಂಪನಿಯ ಶೀಟು ತೆಗೆದು ಹದಿನೈದರ ಸರಾಸರಿ ನೋಡಿದರು. ಅಲ್ಲಿ ಐವತ್ತೊಂದು ಪಾಯಿಂಟ್ ಒಂಬತ್ತು ಇತ್ತು. ಕಂಪನಿಯದೇ ನಂಬರು, ಕಂಪನಿಯದೇ ಮೆಸೇಜು, ಐವತ್ತೊಂಬತ್ತು ಅನ್ನುತ್ತಿತ್ತು. ಅವರು ಕನ್ನಡಕ ತೆಗೆದರು.

"ಈ ಎರಡರಲ್ಲಿ ಯಾವುದು ನಿಮ್ಮದು?" ಎಂದು ವಕೀಲನನ್ನು ಕೇಳಿದರು. ಅವನು ಕಮಲಾಕರನ ಕಡೆ ತಿರುಗಿದ. ಕಮಲಾಕರ ಕಿಟಕಿಯ ಕಡೆ ತಿರುಗಿದ.

ಆಮೇಲೆ ಅವರು ನನ್ನನ್ನು ನೋಡಿದರು.

"ಈ ಮೆಸೇಜನ್ನು ನೀವು ನೋಡಿದ್ದು ಯಾವಾಗ?"

ಕಮಲಾಕರನ ತಲೆ ನಿಧಾನ ನನ್ನ ಕಡೆ ಬಂತು.

"ಇವತ್ತು," ಎಂದೆ. "ಹುಡುಕಿದಾಗ ಸಿಕ್ಕಿತು."

ಅವನು ಬಾಯಿ ತೆರೆಯಬಹುದಿತ್ತು. ತೆರೆದರೆ, ಎಂಟು ಐವತ್ತೊಂದಕ್ಕೆ ಐವತ್ತೊಂಬತ್ತನ್ನು ಎದುರಿಗಿಟ್ಟುಕೊಂಡು ತಾನು ಕೂತಿದ್ದೆ ಎಂದು ಒಪ್ಪಿಕೊಳ್ಳಬೇಕಿತ್ತು. ಅವನ ವಕೀಲ ಇನ್ನೂ ಮೆಸೇಜನ್ನೇ ಅಲ್ಲಗಳೆಯುವ ದಾರಿ ಹುಡುಕುತ್ತಿದ್ದ. ಕಮಲಾಕರ ತುಟಿ ಬಿಗಿದ. ನಾನೂ ಬಿಗಿದೆ. ನಾವಿಬ್ಬರೂ ಒಟ್ಟಿಗೆ ಮಾಡಿದ ಕೊನೆಯ ಕೆಲಸ ಅದು... ಸುಮ್ಮನಿದ್ದದ್ದು.

ಸಂಜೆಯೊಳಗೆ ರಕ್ಷಿತಾಳನ್ನು ಮಡಗಾಂವಿನಿಂದ ಕರೆಸಲು ಆದೇಶ ಹೋಯಿತು. ಅವಳು ಬಂದು ಎಲ್ಲ ಹೇಳಿದಳು. ಕಂಪ್ಯೂಟರಿನ ಮುಂದಿಂದ ತನ್ನನ್ನು ಎಬ್ಬಿಸಿ ಕಮಲಾಕರ ತಾನೇ ಕೂತದ್ದನ್ನೂ ಹೇಳಿದಳು. ಅವನನ್ನು ಕರೆದೊಯ್ಯುವ ದಿನ ನಾನು ಆ ಕಡೆ ಹೋಗಲಿಲ್ಲ.

ಆದರೆ ಅದೆಲ್ಲ ಆಮೇಲಿನದು. ಆ ಮಧ್ಯಾಹ್ನ ನಾವು ಹೊರಗೆ ಬಂದಾಗ ನಾಲ್ಕೂವರೆ. ಮಾದಿಯ ಹೆಸರಿನ ಆರೋಪ ಕೈಬಿಟ್ಟದ್ದನ್ನು ಅಧಿಕಾರಿ ಅವಳೆದುರೇ ಬರೆಸಿದ್ದರು. ಅವಳು ಮೆಟ್ಟಿಲ ಮೇಲೆ ಕೂತು ಚಪ್ಪಲಿ ಸರಿಮಾಡಿಕೊಂಡಳು.

"ಕ್ಯಾನು?" ಎಂದು ಕೇಳಿದಳು.

ಹೋಯಿತು ಅಂದೆ. ಹೇಗೆಂದೂ ಹೇಳಿದೆ.

"ಹೋಗ್ಲಿ. ಮೂವತ್ತೊಂದಕ್ಕೆ ಹ್ಯಾಂಗೂ ಚೆಲ್ಲೂದೇ ಆಗಿತ್ತು."

ದೀಕ್ಷಾ ಬಸ್ಸಿನ ಹೊತ್ತು ಕೇಳಲು ಹೋಗಿದ್ದಳು. ಮಾದಿ ಆ ಕಾಗದ ಕೇಳಿದಳು, ಏಳು ಮನೆಯದ್ದು. ಕೊಟ್ಟೆ. ಅವಳು ಬೆರಳಿಟ್ಟು ಒಂದೊಂದೇ ಮನೆ ದಾಟಿದಳು. ಎಂಟು ಹೊರಗೆ, ಹದಿನೈದು ಒಳಗೆ. ಅವಳಿಗೆ ಅರ್ಥವಾಯಿತು. ನನಗಿಂತ ಬೇಗ ಅರ್ಥವಾಯಿತು ಅನ್ನಿಸುತ್ತದೆ.

"ಇದು ಅವತ್ತೇ ಬೆಳಿಗ್ಗೆ ಬಂದಿತ್ತು ಅಲ್ಲ ಅಣ್ಣಾ?"

"ಹೌದು."

"ಬಂದ ಕೂಡ್ಲೇ ಯಾರಾದ್ರೂ ಒಬ್ಬರು ಹಿಂಗೆ ಲೆಕ್ಕ ಮಾಡಿದ್ರೆ, ಹುಲಿಯಾ ಮಾರನೇ ದಿನ ಮನೇಲಿ ಇರ್ತಿದ್ದ."

"ಹೌದು."

"ಯಾರೂ ಮಾಡ್ಲಿಲ್ಲ."

ಬಸ್ಸು ಬಂತು ಎಂದು ದೀಕ್ಷಾ ಕೂಗಿದಳು. ಮಾದಿ ಎದ್ದಳು. ನನ್ನ ತುಟಿಗೆ ಅರಿಶಿನ ಹಚ್ಚಿಕೊಳ್ಳಲು ಹೇಳಿದಳು. ತೊಂದರೆ ಕೊಟ್ಟೆ ಅಣ್ಣಾ ಎಂದು ನನಗೇ ಕೈಮುಗಿದು ಬಸ್ಸು ಹತ್ತಿದಳು.

ಹದಿನೈದರ ಬೆಳಿಗ್ಗೆ ಎಂಟು ಐವತ್ತೊಂದಕ್ಕೆ ನಾನು ಹೋಟೆಲಿನಲ್ಲಿ ಬನ್ಸ್ ತಿನ್ನುತ್ತಿದ್ದೆ. ಐವತ್ತೆರಡು ಐವತ್ತೊಂಬತ್ತಾದದ್ದು ಕಂಡಿತು. ಏಳೇಳಲಿ ನಲವತ್ತೊಂಬತ್ತು. ಹೊರಗೆ ಹೋದ ದಿನದ್ದು ಐವತ್ತರ ಆಸುಪಾಸು. ನೂರರ ಹತ್ತಿರ ಸುರಿದಿದೆ, ಪರದೆ ಕೆಂಪಾಗಿರಬೇಕು, ಗುಡ್ಡದ ಕೆಳಗೆ ಯಾರೂ ಇರಬಾರದು... ಇಷ್ಟೂ ಲೆಕ್ಕ ಬನ್ಸ್ ಬಾಯಿಗೆ ಹೋಗುವ ಮೊದಲೇ ಮುಗಿದಿತ್ತು. ಅಲ್ಲಿ ಕಮಲಾಕರ ಇದ್ದಾನೆ, ನೋಡಿಕೊಳ್ಳುತ್ತಾನೆ ಎಂದುಕೊಂಡೆ. ಫೋನು ಮಗುಚಿಟ್ಟು ಇನ್ನೊಂದು ಚಾ ಹೇಳಿದೆ.

ಅದನ್ನು ನಾನು ಮಾದಿಗೆ ಹೇಳಲಿಲ್ಲ.